ಹಳದಿ ವೈರು ಎಲ್ಲಿತ್ತು?

ರಘು ಕೊಂಡ ಮಾಡ್ಯುಲರ್ ಸಿಂಥಸೈಜರ್ ನೋಡಿ ಸೀನ ಕೇಳಿದ, "ಇದು ವಾದ್ಯವೋ, ಹೊಟ್ಟೆ ಬಗೆದ ಟೆಲಿಫೋನ್ ಎಕ್ಸ್‌ಚೇಂಜೋ?"

"ವಾದ್ಯ ಕಣೋ, ಮಾಡ್ಯೂಲ್ ಅನ್ನೋ ಬಿಡಿ ಭಾಗಗಳನ್ನ ಜೋಡಿಸಿ ವಿದ್ಯುತ್ತಲ್ಲಿ ಸದ್ದು ಹುಟ್ಟಿಸೋದು. 1964ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೋಗ್..."

"ಮೂಗಾ!"

"ಮೋಗ್ ಅನ್ನಬೇಕು. ನಗಬೇಡ. ಆ ಪುಣ್ಯಾತ್ಮ ಇಂಥದ್ದೊಂದು ಕಟ್ಟಿ ಅದಕ್ಕೆ ಕೀಬೋರ್ಡ್ ಇಟ್ಟ. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಕೀಬೋರ್ಡ್ ಬೇಡವೇ ಬೇಡ ಅಂತ ಮುಟ್ಟೋ ತಗಡು ಇಟ್ಟ. ಹೊಸ ವಾದ್ಯಕ್ಕೆ ಹಳೇ ಕಪ್ಪು-ಬಿಳಿ ಕೀಗಳು ಯಾಕೆ, ಅಲ್ವಾ?"

"ಸರಿ, ಬಾರಿಸು."

ರಘು ಸ್ವಿಚ್ ಹಾಕಿದ. ದೀಪ ಹತ್ತಿತು. ಸದ್ದಿಲ್ಲ.

"ಕೆಟ್ಟಿದೆ," ಅಂದೆ ನಾನು.

"ವೈರು ಸಿಕ್ಕಿಸಬೇಕು ಮಾರಾಯ! ಆಸಿಲೇಟರ್ ಸದ್ದು ಹುಟ್ಟಿಸುತ್ತೆ, ಫಿಲ್ಟರ್ ಸೋಸುತ್ತೆ, ಆಂಪ್ಲಿಫೈಯರ್ ಜೋರು ಮಾಡುತ್ತೆ. ಹೇಳಿಸಿಕೊಳ್ಳದೆ ಒಂದಕ್ಕೊಂದು ಮಾತಾಡಲ್ಲ."

ಮೂರು ವೈರು ಹಾಕಿದ. 'ಕೊಂಯ್' ಅಂತು. ಅರ್ಧ ನಿಮಿಷ ಅದೇ ಕೊಂಯ್.

"ನಮ್ಮ ಸೊಳ್ಳೆ ಇದನ್ನ ಪುಕ್ಕಟೆ ಹಾಡುತ್ತೆ," ಅಂದ ಸೀನ.

"ಇರು. ಒಳಗೆ ಓಡೋದೆಲ್ಲ ವೋಲ್ಟೇಜ್. ಇಲ್ಲಿ 1 ವೋಲ್ಟ್ ಜಾಸ್ತಿ ಕೊಟ್ಟರೆ ಸ್ವರ ಒಂದು ಸ್ಥಾಯಿ ಮೇಲೇರುತ್ತೆ. ಗುಂಡಿಯನ್ನ ಕೈಯಲ್ಲೇ ತಿರುಗಿಸಬೇಕಿಲ್ಲ, ಇನ್ನೊಂದು ಆಸಿಲೇಟರ್ ಕೈಗೂ ಆ ಕೆಲಸ ಕೊಡಬಹುದು."

ಹಳದಿ ವೈರು ಸಿಕ್ಕಿಸಿದ. ಕೊಂಯ್ ನಿಧಾನವಾಗಿ ತೂಗಾಡತೊಡಗಿತು. ಗುಂಡಿ ಸ್ವಲ್ಪ ತಿರುಗಿಸಿದ, ಗಾಯಕನ ಗಮಕದ ಥರ ನಡುಗಿತು. ಇನ್ನೂ ತಿರುಗಿಸಿದ. ನಡುಕ ಎಣಿಸಲಾಗದಷ್ಟು ವೇಗವಾಯಿತು, ಆಮೇಲೆ ನಡುಕವೇ ಮಾಯ! ಅದರ ಜಾಗದಲ್ಲಿ ಕಂಚಿನ ಗಂಟೆ ಮೊಳಗುತ್ತಿತ್ತು. ಸೀನ ಕೂಡ ಬಾಯಿ ಮುಚ್ಚಿದ. ನಿಜ ಹೇಳ್ತೀನಿ, ನನಗಂತೂ ರೋಮ ನಿಮಿರಿತು.

"1968ರಲ್ಲಿ ಅಮೆರಿಕದ ಸಂಗೀತಗಾರ್ತಿ ವೆಂಡಿ ಕಾರ್ಲೋಸ್, ಹಳೇ ಕಾಲದ ಜರ್ಮನ್ ಸಂಗೀತಗಾರ ಬಾಖ್‌ನ ಸಂಗೀತವನ್ನ ಮೋಗ್‌ನಲ್ಲೇ ನುಡಿಸಿ ರೆಕಾರ್ಡ್ ತಂದರು," ಅಂದ ರಘು. " ಒಂದು ಸಲಕ್ಕೆ ಒಂದೇ ಸ್ವರ. ಪದರ ಪದರವಾಗಿ ಟೇಪಿಗೆ ಹಾಕಿದ್ದು. ಮಧ್ಯೆ ಮಧ್ಯೆ ಶ್ರುತಿ ಬೇರೆ ಜಾರೋದು."

"ಈ ಖಾಲಿ ಜಾಗ ಯಾಕೆ?" ಅಂತ ನಾನು ಪೆಟ್ಟಿಗೆ ತೋರಿಸಿದೆ.

ರಘು ಮುಖ ಕೆಂಪಾಯಿತು. "ಅದು ಯೂರೋರ್ಯಾಕ್ ರೋಗ. 1990ರ ದಶಕದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಮಾಡ್ಯೂಲ್‌ಗಳಿಗೆ ಯೂರೋರ್ಯಾಕ್ ಅಂತ ಒಂದು ಅಳತೆ ಹಾಕಿಕೊಟ್ಟ. ಈಗ ಆ ಅಳತೆಗೆ ಯಾರು ಮಾಡಿದ ಮಾಡ್ಯೂಲ್ ಆದರೂ ಇದರಲ್ಲಿ ಕೂರುತ್ತೆ. ಖಾಲಿ ಜಾಗ ಕಂಡರೆ ನಿದ್ದೆ ಬರಲ್ಲ."

"ಆ ಗಂಟೆ ಸದ್ದು ಸೇವ್ ಮಾಡಿಕೊಂಡೆಯಾ?"

"ಇದರಲ್ಲಿ ಸೇವ್ ಎಲ್ಲಿಂದ ಬಂತು? ವೈರು, ಗುಂಡಿ ಎಲ್ಲ ಫೋಟೋ ತೆಗೀಬೇಕು. ಫೋನ್ ಎಲ್ಲಿ?"

ಫೋನ್ ಕೊಡೋಕೆ ಸೀನ ಎದ್ದ. ತೋಳಿಗೆ ಹಳದಿ ವೈರು ಸಿಕ್ಕಿಕೊಂಡು ಕಿತ್ತುಬಂತು.

ಕೊಂಯ್.