ಹಳೆ ಪೊಂಟೂನ್ ಬೋಟಿಗೆ 25 ತೆಗ್ದು 60 ಎಚ್‌ಪಿ ಕೂರಿಸ್ಬಹುದಾ?

ಕೆಮ್ಮಣ್ಣು ಹೊಳೆಬದಿ:

ಎಲ್ರಿಗೂ ನಮಸ್ಕಾರ. ನಮ್ದು ಕೆಮ್ಮಣ್ಣು ಹತ್ರ ಸಣ್ಣ ಹೋಮ್‌ಸ್ಟೇ. ಬಂದವರನ್ನು ಸ್ವರ್ಣಾ ಹೊಳೆಯಲ್ಲಿ ಕೂರಿಸ್ಕೊಂಡು ಕೋಡಿಬೆಂಗ್ರೆ ಅಳಿವೆ ದೂರದಿಂದ ಕಾಣುವಷ್ಟು ಹೋಗಿ ವಾಪಸ್ ತರ್ಲಿಕ್ಕೆ ಒಂದು ಪೊಂಟೂನ್ ಬೋಟ್ ಉಂಟು, 20 ಅಡಿ, ಕೆಳಗೆ 23 ಇಂಚಿನ ಎರಡು ಅಲ್ಯೂಮಿನಿಯಂ ಪೈಪು, ಮೇಲೆ ಪ್ಲೈವುಡ್ ಡೆಕ್ಕು, ಅದ್ರ ಮೇಲೆ ಶೀಟಿನ ಮಾಡು. ಕೇರಳದಿಂದ ಸೆಕೆಂಡ್ ಹ್ಯಾಂಡ್ ತಂದದ್ದು, 18 ವರ್ಷವಾದ್ರೂ ಆಗಿರ್ಬೇಕು ಅದಕ್ಕೆ. ಇಂಜಿನ್ 25 ಎಚ್‌ಪಿ ಟೂ ಸ್ಟ್ರೋಕ್, ಲಾಂಗ್ ಶಾಫ್ಟ್.

ಸಮಸ್ಯೆ ಎಂತ ಅಂದ್ರೆ ಇಳಿತದ ಹೊತ್ತಿಗೆ ಅಳಿವೆ ಬದಿಯಿಂದ ವಾಪಸ್ ಬರುವಾಗ 9-10 ಜನ ಇದ್ರೆ ಬೋಟು ಹೋಗ್ತಾ ಉಂಟಾ ನಿಂತಿದೆಯಾ ಅಂತಲೇ ಗೊತ್ತಾಗುದಿಲ್ಲ, ದಡದ ತೆಂಗಿನಮರ ನೋಡ್ಕೊಂಡು ಲೆಕ್ಕ ಹಾಕ್ಬೇಕು. ಫುಲ್ ಥ್ರಾಟಲ್ ಕೊಟ್ರೂ ತಿಣುಕಿ ತಿಣುಕಿ ಎಳೀತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ರೆ ಮಾಡಿಗೆ ಗಾಳಿ ಹಿಡಿದು ಅಡ್ಡ ತಿರುಗುದು ಬೇರೆ. ಹೋದ ಭಾನುವಾರ ಒಬ್ರು ಅಜ್ಜಿ, "ತಮ್ಮಾ ಇಳಿದು ನಡ್ಕೊಂಡು ಹೋದ್ರೆ ಬೇಗ ಆಗ್ತದಾ" ಅಂತ ಕೇಳಿದ್ರು, ಮರ್ಯಾದೆ ಹೋಯ್ತು.

ಪರಿಚಯದವರ ಹತ್ರ 60 ಎಚ್‌ಪಿ ಫೋರ್ ಸ್ಟ್ರೋಕ್ ಒಂದು ಮಾರ್ಲಿಕ್ಕೆ ಉಂಟು. ಹಾಕ್ಬಹುದಾ? ಬೋಟಿನಲ್ಲಿ ಒಂದು ತಗಡಿನ ಪ್ಲೇಟ್ ಉಂಟು, ಎಷ್ಟು ಎಚ್‌ಪಿವರೆಗೆ ಅಂತ ಬರೆದ ಜಾಗವನ್ನೇ ಉಪ್ಪು ತಿಂದಿದೆ. ಹಿಂದೆ ಎಡಬದಿ ಸ್ವಲ್ಪ ತಗ್ಗಿದ ಹಾಗೆ ಕಾಣ್ತದೆ, ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಆ ಬದಿಗೇ ಇರುದಲ್ವಾ, ಅದಕ್ಕೆ ಅಂತ ಬಿಟ್ಟಿದ್ದೇನೆ.

ತಣ್ಣೀರುಬಾವಿ ಬಾಯ್:

60 ಹಾಕಿ ಬಿಡಿ ಮಾರಾಯ್ರೆ, ಎಂತ ಯೋಚನೆ. ಪವರ್ ಜಾಸ್ತಿ ಆದ್ರೆ ಯಾರಿಗೂ ನಷ್ಟ ಇಲ್ಲ, ಬೇಡ ಅನ್ನಿಸಿದ್ರೆ ಥ್ರಾಟಲ್ ಕಮ್ಮಿ ಇಡಿ ಅಷ್ಟೆ.

ಮಲ್ಪೆ ಸ್ಪ್ಯಾನರ್:

ತಣ್ಣೀರುಬಾವಿಯವ್ರೆ, ನಷ್ಟ ಇಲ್ಲ ಅಂತ ಹೇಳುದು ಸುಲಭ, ಥ್ರಾಟಲ್ ಕಮ್ಮಿ ಇಟ್ಟ ಕೂಡ್ಲೇ ಇಂಜಿನಿನ ತೂಕ ಕಮ್ಮಿ ಆಗ್ತದಾ? ಟೂ ಸ್ಟ್ರೋಕ್ 25 ಅಂದ್ರೆ 50 ಕಿಲೋ ಚಿಲ್ಲರೆ, ಫೋರ್ ಸ್ಟ್ರೋಕ್ 60 ಅಂದ್ರೆ 110 ಕಿಲೋ ದಾಟ್ತದೆ. ಒಬ್ಬ ಮನುಷ್ಯನನ್ನು ಯಾವಾಗ್ಲೂ ಬೋಟಿನ ಬಾಲದ ತುದಿಗೆ ಕೂರಿಸಿದ ಹಾಗೆ.

ಕೆಮ್ಮಣ್ಣಿನವ್ರೆ, ನಂಗೆ ಮೊದ್ಲು ಒಂದು ಲೆಕ್ಕ ಹೇಳಿ. ಫುಲ್ ಥ್ರಾಟಲ್‌ನಲ್ಲಿ, ಫುಲ್ ಲೋಡಲ್ಲಿ ಆರ್‌ಪಿಎಂ ಎಷ್ಟು? ಮೀಟರ್ ಇಲ್ಲದಿದ್ರೆ ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಟ್ಯಾಕೋಮೀಟರ್ ಸಿಗ್ತದೆ, ಹೆಚ್ಚು ರೇಟಿಲ್ಲ. ಮ್ಯಾನುಯಲ್‌ನಲ್ಲಿ 5000ದಿಂದ 6000 ಅಂತ ಇದ್ದು ನಿಮ್ದು 4200ಕ್ಕೇ ನಿಂತ್ರೆ ನಿಮ್ಮ 25 ಎಚ್‌ಪಿ 25 ಕೊಡ್ತಾನೇ ಇಲ್ಲ. ಫ್ಯಾನಿನ (ಪ್ರೊಪೆಲ್ಲರ್) ಪಿಚ್ ನೋಡಿ, ಅಂದ್ರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗ್ತದೆ ಅನ್ನುದು, ಹಬ್ ಮೇಲೆ ಗುದ್ದಿರ್ತಾರೆ. 13 ಅಂತ ಇದ್ರೆ ಅದು ಹಗುರ ಬೋಟು ಓಡಿಸುವ ಫ್ಯಾನ್, ನಿಮ್ದು ಡೆಕ್ಕು ಮಾಡು ಜನ ಎಲ್ಲ ಹೊತ್ತ ಎತ್ತಿನ ಗಾಡಿ. ಪಿಚ್ ಒಂದಿಂಚು ಇಳಿಸಿದ್ರೆ ಸುಮಾರು 150-200 ಆರ್‌ಪಿಎಂ ಏರ್ತದೆ. 10ಕ್ಕೆ ಇಳಿಸಿ ನೋಡಿ, ಕಡಿಮೆ ಖರ್ಚು. ಆರ್‌ಪಿಎಂ ಏರದೆ ಒತ್ತಡದಲ್ಲೇ ಓಡಿಸ್ತಾ ಇದ್ರೆ ಟೂ ಸ್ಟ್ರೋಕ್ ಬಿಸಿಯಾಗಿ ಕಾರ್ಬನ್ ಕೂತು ಪಿಸ್ಟನ್ನೇ ಹೋಗ್ತದೆ, ಎಷ್ಟೋ ನೋಡಿಯಾಗಿದೆ.

ಮತ್ತೆ ಆ ಎಡಬದಿ ತಗ್ಗುದು ನಂಗೆ ಇಷ್ಟ ಆಗ್ಲಿಲ್ಲ. ಬ್ಯಾಟರಿ ಟ್ಯಾಂಕ್ ಎರಡೂ ಬಲಗಡೆ ಇಟ್ಟು ನೋಡಿ. ಆಗ್ಲೂ ಎಡವೇ ತಗ್ಗಿದ್ರೆ ಪೈಪಿನೊಳಗೆ ನೀರುಂಟು.

ಸುರತ್ಕಲ್ ಲೆಕ್ಕ:

ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ, ನಾನು ಬರೀ ಕಾಗದದ ಲೆಕ್ಕ ಕೊಡ್ತೇನೆ. 23 ಇಂಚಿನ ಪೈಪು 20 ಅಡಿ ಉದ್ದ ಅಂದ್ರೆ ಒಂದೊಂದರ ಗಾತ್ರ ಸುಮಾರು 1.6 ಘನ ಮೀಟರ್, ಮೂತಿ ಚೂಪು ಇರುದಕ್ಕೆ ಇನ್ನೂ ಸ್ವಲ್ಪ ಕಮ್ಮಿ. ಎರಡೂ ಸೇರಿ ಪೂರ್ತಿ ಮುಳುಗಿದ್ರೆ 3.2 ಟನ್ ಹೊರ್ತದೆ, ಆದ್ರೆ ಪೈಪು ಅರ್ಧಕ್ಕಿಂತ ಜಾಸ್ತಿ ಮುಳುಗ್ಬಾರ್ದು ಅಂತ ಇಟ್ಕೊಳ್ಳುದು ಒಳ್ಳೇದು, ಅಂದ್ರೆ 1.6 ಟನ್. ಬೋಟಿನ ಸ್ವಂತ ತೂಕ 700-800 ಕಿಲೋ ಅಂತಿಡಿ, 10 ಜನ 700 ಕಿಲೋ, ಇಂಜಿನ್ ಬ್ಯಾಟರಿ ಪೆಟ್ರೋಲ್ ಸೇರಿ 150. ಈಗ್ಲೇ ಗೆರೆ ಮೇಲೆ ನಿಂತಿದ್ದೀರಿ. ಪೈಪಿನೊಳಗೆ ಅಡ್ಡಗೋಡೆ ಹಾಕಿ ಮೂರು ಚೇಂಬರ್ ಮಾಡಿದ್ದಾರೆ ಅಂತಿಡಿ, ಇದ್ರ ಮೇಲೆ ಹಿಂದಿನ ಒಂದು ಚೇಂಬರಲ್ಲಿ ಮೂರನೇ ಒಂದು ಪಾಲು ನೀರು ನಿಂತ್ರೂ ಹತ್ತಿರ ಹತ್ತಿರ 180 ಕಿಲೋ. ಟಿಕೆಟ್ ಇಲ್ಲದೆ ಎರಡೂವರೆ ಜನ.

ಸ್ಪೀಡಿನ ವಿಷಯ: ನೀರಿನಲ್ಲಿ ಪವರ್ ಬೇಕಾಗುದು ಸುಮಾರಾಗಿ ವೇಗದ ಘನಕ್ಕೆ, ಅಂದ್ರೆ 25ರಿಂದ 60, ಪವರ್ 2.4 ಪಟ್ಟು, ವೇಗ ಮಾತ್ರ ಮೂರನೇ ಒಂದರಷ್ಟು ಜಾಸ್ತಿ. ಗಂಟೆಗೆ 10 ಕಿಮೀ ಹೋಗುದು 13 ಆಗ್ಬಹುದು, ನಿಜದಲ್ಲಿ ಎರಡು ಪೈಪಿನ ಮಧ್ಯೆ ಅಲೆ ಏಳುದ್ರಿಂದ ಅಷ್ಟೂ ಸಿಗ್ಲಿಕ್ಕಿಲ್ಲ. ಆದ್ರೆ ಒಂದು ಮಾತು ಒಪ್ಬೇಕು, 5 ಕಿಮೀ ಇಳಿತದ ವಿರುದ್ಧ ಹೋಗುವಾಗ ದಡದ ಲೆಕ್ಕದಲ್ಲಿ 5 ಇದ್ದದ್ದು 8 ಆಗ್ತದೆ. ಹಾಗಾಗಿ ನಿಮ್ಮ ಆಸೆ ಪೂರ್ತಿ ತಪ್ಪು ಅಂತ ನಾನು ಹೇಳುದಿಲ್ಲ. ದೊಡ್ಡದು ಹಾಕುದೇ ಆದ್ರೆ ಗೇರ್ ರೇಶಿಯೋ ಜಾಸ್ತಿ ಇರುವ, ದೊಡ್ಡ ಫ್ಯಾನ್ ನಿಧಾನ ತಿರುಗಿಸುವ ಹೈ ಥ್ರಸ್ಟ್ ಮಾಡೆಲ್ ನೋಡಿ, ಪೊಂಟೂನಿಗೆ ಅದೇ ಸರಿ. ಎಲ್ಲಕ್ಕಿಂತ ಸಸ್ತಾದ್ದು ಉಬ್ಬರ ಇಳಿತದ ಟೇಬಲ್, ಟ್ರಿಪ್ಪಿನ ಟೈಮ್ ಒಂದು ಗಂಟೆ ಆಚೆ ಈಚೆ ಮಾಡಿದ್ರೆ ಅರ್ಧ ತಲೆನೋವು ಹೋಗ್ತದೆ.

ಗಂಗೊಳ್ಳಿ ಕಡೆಯವ:

ಹ್ವಾಯ್, ನನ್ ಕಥೆ ಕೇಣಿ ಮೊದ್ಲು. ನಮ್ಮಲ್ಲೂ ಹೀಗೇ ಹಳೆ ಪೊಂಟೂನ್ ಒಂದಿತ್ತು, 30 ಇದ್ದದ್ದನ್ನು ತೆಗ್ದು 60 ಕೂರಿಸಿದ್ರು, ಹೊರಗಿಂದ ನೋಡಿದ್ರೆ ಇಂಜಿನ್ ಕೂರುವ ಪಾಡ್ ಗಟ್ಟಿಯೇ ಇತ್ತು, ಮೇಲೆ ಅಲ್ಯೂಮಿನಿಯಂ ತಗಡು ಫಳಫಳ. ಮೂರನೇ ದಿನ ಜೆಟ್ಟಿ ಹತ್ರ ನಿಲ್ಲಿಸ್ಲಿಕ್ಕೆ ಅಂತ ಸ್ವಲ್ಪ ಜೋರಾಗಿ ರಿವರ್ಸ್ ಕೊಟ್ಟದ್ದೇ ಕೊಟ್ಟದ್ದು, ಮೇಲಿನ ಎರಡು ಬೋಲ್ಟು ಹಲಗೆ ಸಮೇತ ಕಿತ್ಕೊಂಡು ಬಂತು. ಒಳಗಿನ ಪ್ಲೈವುಡ್ ನೆನೆಸಿದ ಅವಲಕ್ಕಿ ಆಗಿತ್ತು. ಇಂಜಿನ್ ಸ್ಟೇರಿಂಗ್ ಕೇಬಲಲ್ಲಿ ನೇತಾಡ್ತಾ ಇತ್ತು, ನಾವು ನಾಲ್ಕು ಜನ ಹಗ್ಗ ಹಾಕಿ ಹಿಡ್ಕೊಂಡು "ದೇವ್ರೇ" ಅಂತ ಕೂತಿದ್ವಿ. ಹಾಗಾಗಿ ಬೋಲ್ಟ್ ತೂತಲ್ಲಿ ಸ್ಕ್ರೂಡ್ರೈವರ್ ಹಾಕಿ ಚುಚ್ಚಿ ನೋಡಿ, ಮೆತ್ತಗೆ ಹೋದ್ರೆ ಅಲ್ಲಿಗೆ ಮುಗೀತು, ಪಾಡೇ ಹೊಸತು ಮಾಡಿಸ್ಬೇಕು.

ಇನ್ನೊಂದು, ಜೋರಾಗಿ ಹೋಗ್ತಾ ಇದ್ದು ಒಮ್ಮೆಲೆ ಥ್ರಾಟಲ್ ಬಿಟ್ರೆ, ಅದೂ ಜನ ಎಲ್ಲ ಫೋಟೋ ತೆಗೀಲಿಕ್ಕೆ ಮುಂದೆ ಬಂದು ನಿಂತಿದ್ರೆ, ಮೂತಿ ನೀರಿಗೆ ಹೋಗಿ ಡೆಕ್ಕಿನ ಮೇಲೆ ನೀರು ಬರ್ತದೆ. 25ರಲ್ಲಿ ಈ ಹೆದರಿಕೆ ಕಮ್ಮಿ.

ಮಲ್ಪೆ ಸ್ಪ್ಯಾನರ್:

ಅವಲಕ್ಕಿ ಹೇಳಿದ್ರಲ್ಲ, ಅದೇ. ಮತ್ತೆ 60ಕ್ಕೆ ಟಿಲ್ಲರ್ (ಇಂಜಿನಿಗೇ ಇರುವ ತಿರುಗಿಸುವ ಹಿಡಿ) ಹಿಡಿದು ಓಡಿಸ್ಲಿಕ್ಕೆ ಕೈ ಸೋಲ್ತದೆ, ಸ್ಟೇರಿಂಗ್, ರಿಮೋಟ್ ಬಾಕ್ಸ್, ದಪ್ಪ ಬ್ಯಾಟರಿ ಕೇಬಲ್, ಪೆಟ್ರೋಲ್ ಪೈಪು ಎಲ್ಲ ಬದ್ಲಾಗ್ಬೇಕು, ಆ ಖರ್ಚು ಯಾರೂ ಮೊದ್ಲೇ ಹೇಳುದಿಲ್ಲ. ನಿಮ್ಮ ಹೊಳೆ ಅಲ್ಲಿ ಸವಳು ನೀರು, ಅಲ್ಯೂಮಿನಿಯಂ ಆನೋಡ್ (ಪೈಪಿನ ಬದ್ಲು ತಾನೇ ಸವೆಯುವ ಲೋಹದ ತುಂಡು) ಹಾಕಿ, ಸ್ಟೀಲ್ ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಇಡಿ, ತಾಮ್ರ ಇರುವ ಪೇಂಟು ಪೈಪಿಗೆ ಬಳೀಲೇಬೇಡಿ, ಅಲ್ಯೂಮಿನಿಯಮನ್ನು ತಿಂದು ತೂತು ಮಾಡ್ತದೆ.

ಜನ ಕೂರಿಸ್ಕೊಂಡು ದುಡ್ಡು ತಗೊಳ್ಳುವ ಬೋಟು ಅಲ್ವಾ, ಇಂಜಿನ್ ಬದ್ಲಿಸಿದ್ರೆ ರಿಜಿಸ್ಟ್ರೇಶನ್ ಮಾಡಿದಲ್ಲಿ ಮತ್ತು ಇನ್ಶೂರೆನ್ಸಿನವರಿಗೆ ಮೊದ್ಲೇ ಹೇಳಿ. 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಬಂದ ಮೇಲೆ ಇದನ್ನೆಲ್ಲ ಸುಮ್ನೆ ಬಿಡ್ಲಿಕ್ಕೆ ಆಗುದಿಲ್ಲ.

ಕೆಮ್ಮಣ್ಣು ಹೊಳೆಬದಿ:

ಎಲ್ರಿಗೂ ಥ್ಯಾಂಕ್ಸ್, ಎರಡು ವಾರ ಆಯ್ತು ಉತ್ತರ ಹಾಕ್ಲಿಕ್ಕೆ. ಬ್ಯಾಟರಿ ಟ್ಯಾಂಕ್ ಬಲಕ್ಕೆ ಇಟ್ಟೆ, ಎಡವೇ ತಗ್ಗು. ಉಬ್ಬರದಲ್ಲಿ ದಡಕ್ಕೆ ತಂದು ತೆಂಗಿನ ಕಾಂಡದ ಮೇಲೆ ಕೂರಿಸಿ ಇಳಿತದಲ್ಲಿ ಹಿಂದಿನ ಚೇಂಬರಿನ ಡ್ರೈನ್ ಪ್ಲಗ್ ಬಿಚ್ಚಿದ್ದು, ಮಾರಾಯ್ರೆ, ಹಂಡೆ ಮೇಲೆ ಹಂಡೆ, ನಮ್ಮ ಅಮ್ಮ ನೋಡಿ "ಇದು ಬೋಟಾ ಬಾವಿಯಾ" ಅಂತ ಕೇಳಿದ್ರು. ಕೊಡದಲ್ಲಿ ಅಳೆದದ್ದು ಸುಮಾರು 140 ಲೀಟರ್. ವೆಲ್ಡಿಂಗ್ ಜಾಯಿಂಟಲ್ಲಿ ಕೂದಲಿನಷ್ಟು ಬಿರುಕು, ಸೈಕಲ್ ಪಂಪಲ್ಲಿ ಸ್ವಲ್ಪವೇ ಗಾಳಿ, 2 ಪಿಎಸ್‌ಐ ಕೂಡ ದಾಟದ ಹಾಗೆ, ಹಾಕಿ ಸೋಪಿನ ನೀರು ಬಳಿದಾಗ ಗುಳ್ಳೆ ಬಂತು. ಪೆಟ್ರೋಲ್ ಟ್ಯಾಂಕ್ ಮನೆ ಹತ್ರ ಇಳಿಸಿಟ್ಟು ಟಿಗ್ ವೆಲ್ಡಿಂಗ್ ಮಾಡಿಸಿದೆ.

ಆರ್‌ಪಿಎಂ ಮೊದ್ಲು 4200, ನೀರು ತೆಗ್ದ ಮೇಲೆ 4600, ಅದೇ 9 ಜನ. ಫ್ಯಾನ್ 13 ಪಿಚ್ಚೇ, ಸ್ಪ್ಯಾನರ್ ಅಣ್ಣ ನೋಡದೆಯೇ ಹೇಳಿದ್ರಲ್ಲ. ಪಾಡ್ ಚುಚ್ಚಿ ನೋಡಿದೆ, ಕೆಳಗಿನ ಎರಡು ತೂತು ಗಟ್ಟಿ, ಮೇಲಿನ ಎಡದ್ದು ಸ್ವಲ್ಪ ಮೆತ್ತಗೆ. 60 ಮಾರುವವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿದ್ದೇನೆ, ಅವ್ರು ಸ್ವಲ್ಪ ಬೇಜಾರಲ್ಲಿದ್ದಾರೆ.

ಮಲ್ಪೆ ಸ್ಪ್ಯಾನರ್:

ಆ ಮೇಲಿನ ಎಡದ್ದು 25ಕ್ಕೂ ಒಳ್ಳೇದಲ್ಲ, ಈ ಮಳೆಗಾಲದಲ್ಲಿ ಬೋಟು ಮೇಲೆ ಎಳೆದಾಗ ಹಲಗೆ ಬದ್ಲಿಸಿ. ಅಷ್ಟರವರೆಗೆ ಟ್ರಿಪ್ಪಿಗೆ 7 ಜನ ಸಾಕು, ರಿವರ್ಸ್ ಮೆಲ್ಲ ಕೊಡಿ.

ಕೆಮ್ಮಣ್ಣು ಹೊಳೆಬದಿ:

ಆಯ್ತು ಅಣ್ಣ. 10 ಪಿಚ್ಚಿನ ಫ್ಯಾನ್ ಹೇಳಿಟ್ಟಿದ್ದೇನೆ, ಬಂದ ದಿನ ಆರ್‌ಪಿಎಂ ಇಲ್ಲೇ ಹಾಕ್ತೇನೆ.