ಮೂರನೇ ತರಗತಿಗೆ ವಾರ್ಲಿ ಪಾಠ: ಮಾಡಿ ನೋಡಿದವರು ಹೇಳಿ

ಕೇಳಿದವರು: ಮುಂಬಯಿ ಉಪನಗರದ ಕನ್ನಡ ಶಾಲೆಯ ಶಿಕ್ಷಕಿ

ನಮಸ್ಕಾರ. ಈ ಊರಿನ ವಾರ್ಲಿ ಆದಿವಾಸಿಗಳ ಬದುಕು, ಭಾಷೆ ಎರಡನ್ನೂ ನನ್ನ ಮೂರನೇ ತರಗತಿಗೆ ಕಲಿಸಬೇಕು ಅಂತಿದೆ. ವಾರ್ಲಿ ಚಿತ್ರ ಬರೆಸಿ ಮುಗಿಸಲು ಮನಸ್ಸಿಲ್ಲ. ಕ್ಲಾಸಿನಲ್ಲಿ ಕಲಬುರಗಿ, ಯಾದಗಿರಿ ಕಡೆಯ ಲಂಬಾಣಿ ಮಕ್ಕಳಿದ್ದಾರೆ, ಮನೆಯಲ್ಲಿ ತುಳು ಆಡುವವರಿದ್ದಾರೆ. ಒಬ್ಬಳಿಗೆ ಕಣ್ಣು ತುಂಬಾ ಮಂದ. ಒಬ್ಬ ಮಾತೇ ಆಡುವುದಿಲ್ಲ. ಎಲ್ಲರನ್ನೂ ಸೇರಿಸಿಕೊಂಡು ಹೇಗೆ ಮಾಡುವುದು?

ಗೋರೆಗಾಂವ್‌ನಿಂದ ಒಬ್ಬ ಶಿಕ್ಷಕಿ

ಮೇಡಂ, "ಆದಿವಾಸಿಗಳು ಕಾಡಿನಲ್ಲಿ ವಾಸಿಸುತ್ತಿದ್ದರು" ಅಂತ ಮಾತ್ರ ಶುರು ಮಾಡಬೇಡಿ. ವಾರ್ಲಿಗಳು ಇವತ್ತೂ ನಮ್ಮ ನೆರೆಯವರು. ಆರೇ ಕಾಲೊನಿ ಒಂದರಲ್ಲೇ 27 ಪಾಡಾಗಳಿವೆ, ಅಂದರೆ ಆದಿವಾಸಿ ಕೇರಿಗಳು. 1949ರಲ್ಲಿ ಅಲ್ಲಿ ಹಾಲಿನ ಕಾಲೊನಿ ಆಗುವುದಕ್ಕೆ ಮೊದಲಿಂದ ಇದ್ದವರು ಅವರು. ಬಸ್ ಹಿಡಿದು ಕೆಲಸಕ್ಕೆ ಹೋಗುತ್ತಾರೆ, ಮನೆ ಹಿಂದೆ ತರಕಾರಿ ಬೆಳೆಯುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್‌ಗೆಂದು ಅಲ್ಲಿ ಮರ ಕಡಿದ ವಿಷಯವನ್ನೂ ಮಕ್ಕಳು ಎತ್ತುತ್ತಾರೆ. ಆಗ ಮಾತು ಮರೆಸಬೇಡಿ, ಗೊತ್ತಿದ್ದಷ್ಟು ಹೇಳಿ.

ಚಿತ್ರ ಬೇಡ ಅಂತಲ್ಲ. ಆದರೆ ಅದರ ಮೂಲ ಗೊತ್ತಿರಬೇಕು. ಮದುವೆ ಮನೆಯ ಗೋಡೆಗೆ ಸಗಣಿ, ಕೆಮ್ಮಣ್ಣು ಸಾರಿಸುತ್ತಾರೆ. ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ, ತುದಿ ಜಜ್ಜಿದ ಬಿದಿರು ಕಡ್ಡಿಯಿಂದ ಮುತ್ತೈದೆಯರು ಚೌಕ ಬರೆಯುತ್ತಾರೆ. ಒಳಗೆ ಪಾಲಘಾಟ್ ದೇವಿ. ಅದು ಪೂಜೆ. ಆ ಚೌಕವನ್ನು ನೋಟ್‌ಬುಕ್ ಬಾರ್ಡರಿಗೆ ಬರೆಸುವುದು ನನಗೆ ಸರಿ ಕಾಣುವುದಿಲ್ಲ. ವಾರ್ಲಿ ಕಲಾವಿದ ಜೀವ್ಯಾ ಸೋಮಾ ಮ್ಹಸೆ ಅವರು ಮದುವೆಯ ಗೋಡೆ ಬಿಟ್ಟು ಕಾಗದದ ಮೇಲೆ ಹೊಲ, ಮೀನು, ಜನರ ಓಡಾಟ ಎಲ್ಲ ಬರೆದರು. 2011ರಲ್ಲಿ ಪದ್ಮಶ್ರೀ ಬಂತು. ಆ ದಾರಿ ಹಿಡಿಯಿರಿ. ನಿಮ್ಮ ಮಕ್ಕಳೂ ತಮ್ಮ ದಿನವನ್ನೇ ಬರೆಯಲಿ: ನಲ್ಲಿ ಮುಂದಿನ ಸಾಲು, ಲೋಕಲ್ ಟ್ರೇನು, ವಡಾಪಾವ್ ಗಾಡಿ.

ಪಾಡಾದಿಂದ ಒಬ್ಬ ಅಜ್ಜಿಯನ್ನೋ ಅಕ್ಕನನ್ನೋ ಕರೆಸಿ. ನಾವು ಕರೆಸಿದ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಮೊದಲು ತಮ್ಮ ಭಾಷೆಯಲ್ಲೇ ಮಾತಾಡಿದರು. ಮಕ್ಕಳಿಗೆ ಸ್ವಲ್ಪ ಮರಾಠಿ ಬರುವುದರಿಂದ ಅರ್ಧಂಬರ್ಧ ತಿಳಿಯಿತು. ಉಳಿದದ್ದನ್ನು ತಾವೇ ಊಹಿಸಿ, ಅವರನ್ನೇ ಕೇಳಿ ಸರಿಮಾಡಿಕೊಂಡರು. ಹುಲಿದೇವರು ವಾಘೋಬಾ, ದೀಪಾವಳಿ ಹೊತ್ತಿನ ವಾಘಬಾರಸ್ ಹಬ್ಬದ ಬಗ್ಗೆ ಹೇಳುವಾಗ ಒಬ್ಬ ಹುಡುಗಿ ಕೈ ಎತ್ತಿ, "ನಮ್ಮ ಊರಲ್ಲಿ ಪಿಲಿಚಾಮುಂಡಿ ಇದೆ, ಅದೂ ಹುಲಿಯ ದೈವ" ಅಂದಳು. ಮಾವಶಿ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ದೈವದ ಕೋಲ ಹೇಗೆ ನಡೆಯುತ್ತದೆ, ಏನು ಬಡಿಸುತ್ತಾರೆ ಅಂತ ಕೇಳಿದ್ದೇ ಕೇಳಿದ್ದು. ಅವತ್ತು ಪಾಠ ಅವರಿಬ್ಬರದ್ದೇ.

ಇನ್ನೊಂದು. ಶಾಲೆಯ ಗ್ಯಾದರಿಂಗ್‌ನಲ್ಲಿ (ವಾರ್ಷಿಕೋತ್ಸವ) ಸೊಂಟಕ್ಕೆ ಎಲೆ ಕಟ್ಟಿ, ಮುಖಕ್ಕೆ ಮಸಿ ಬಳಿದು "ಆದಿವಾಸಿ ಡ್ಯಾನ್ಸ್" ಮಾಡಿಸುತ್ತಾರಲ್ಲ, ದಯವಿಟ್ಟು ಬೇಡ. ಆ ಸಮುದಾಯದ ಮಗು ಸಭೆಯಲ್ಲಿ ಕೂತಿದ್ದರೆ ಅದಕ್ಕೆ ಹೇಗಾಗಬೇಡ?

ಠಾಣೆಯಿಂದ ಒಬ್ಬ ತಾಯಿ

ನಮ್ಮ ಮನೆ ಮಾತು ಲಂಬಾಣಿ. ಮಗ ಶಾಲೆಯಲ್ಲಿ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ, ನಕ್ಕಾರು ಅಂತ. ಅವನ ಟೀಚರ್ ಅಜ್ಜಿಯ ಕಥೆಯೊಂದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂದರು. ಕ್ಲಾಸಿನಲ್ಲಿ ಹಾಕಿ, ಒಂದೊಂದು ಸಾಲಿಗೂ ನಿಲ್ಲಿಸಿ, "ಈಗೇನಂದರು?" ಅಂತ ಇವನನ್ನೇ ಕೇಳಿದರು. ಇವನು ಕನ್ನಡದಲ್ಲಿ ಹೇಳುತ್ತಾ ಹೋದ. ಮಾರನೇ ದಿನದಿಂದ ಗೆಳೆಯರೆಲ್ಲ ನನ್ನನ್ನು ಗೇಟಿನಲ್ಲಿ "ಯಾಡಿ" (ಲಂಬಾಣಿಯಲ್ಲಿ ಅಮ್ಮ) ಅಂತ ಕೂಗಲು ಶುರು ಮಾಡಿದರು!

ವಾರ್ಲಿ ಪಾಠಕ್ಕೆ ಮೊದಲು ನಿಮ್ಮ ಕ್ಲಾಸಿನ ಮನೆ ಮಾತುಗಳಿಗೆ ಜಾಗ ಕೊಡಿ. ತಮ್ಮ ಮಾತಿಗೆ ಮರ್ಯಾದೆ ಸಿಕ್ಕ ಮಕ್ಕಳು ಬೇರೆಯವರ ಮಾತಿಗೂ ಕಿವಿ ಕೊಡುತ್ತಾರೆ. ನಮ್ಮ ಕಥೆಯನ್ನು ಕನ್ನಡ ಲಿಪಿಯಲ್ಲೇ ಬರೆದೆವು, ವಾರ್ಲಿಯನ್ನು ದೇವನಾಗರಿಯಲ್ಲಿ ಬರೆಯುತ್ತಾರೆ. ಯಾರಾದರೂ ಆಕ್ಷೇಪ ಎತ್ತಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ತೋರಿಸಿ. ಸಾಧ್ಯವಾದ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆ ಭಾಷೆಯಲ್ಲಿ ಕಲಿಸಬೇಕು ಅಂತ ಅದೇ ಹೇಳುತ್ತದೆ.

ವಿಶೇಷ ಮಕ್ಕಳ ಶಿಕ್ಷಕ, ಮುಲುಂಡ್

ಕಣ್ಣು ಮಂದ ಇರುವ ಹುಡುಗಿಗೆ: ಗೆರೆಯ ಮೇಲೆ ಫೆವಿಕಾಲ್ ಎಳೆದು, ಒಣಗುವ ಮೊದಲು ರಂಗೋಲಿ ಪುಡಿ ಉದುರಿಸಿ. ತುದಿಗೆ ತುದಿ ತಾಗಿದ ಎರಡು ತ್ರಿಕೋನ ಬೆರಳಿಗೆ ಸಿಕ್ಕಿದರೆ ಮನುಷ್ಯನ ಮೈ ಸಿಕ್ಕಿದ ಹಾಗೆ. ಸಣ್ಣ ಚಿತ್ರ ಬೇಡ, ಡ್ರಾಯಿಂಗ್ ಶೀಟ್ ಪೂರ್ತಿ ಬಳಸಿ.

ಮಾತಾಡದ ಹುಡುಗನಿಗೆ: ತಾರ್ಪಾ ಅಂದರೆ ಸೋರೆ ಬುರುಡೆ, ಬಿದಿರು, ತಾಳೆ ಗರಿಯಿಂದ ಮಾಡಿದ, ವಾರ್ಲಿಗಳ ಊದುವ ವಾದ್ಯ. ಊದುವವನು ಸ್ವರ ಬದಲಿಸಿದರೆ ಕುಣಿಯುವವರ ಹೆಜ್ಜೆಯೂ ಬದಲಾಗುತ್ತದೆ. ಇದನ್ನು ವೀಡಿಯೊದಲ್ಲಿ ತೋರಿಸಿ. ಆಮೇಲೆ ವೇಷ ಗೀಷ ಇಲ್ಲದೆ ಸುಮ್ನೆ ಆಟ ಆಡಿಸಿ: ಆ ಹುಡುಗನ ಕೈಗೆ ಡಬ್ಬ ಕೊಡಿ, ಅವನು ಬಡಿತ ಬದಲಿಸಿದಾಗ ಎಲ್ಲರೂ ಹೆಜ್ಜೆ ಬದಲಿಸಲಿ. ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುವ ಮಗುವಾದರೆ ಡಬ್ಬ ಬೇಡ, ಕೆಂಪು-ಹಸಿರು ಬಟ್ಟೆ ಬದಲಿಸಿ ತೋರಿಸಿದರೆ ಸಾಕು.

ಪುಣೆಯಿಂದ

ನಮ್ಮ ಕ್ವೀನ್ಸ್ ಗಾರ್ಡನ್ ಹತ್ತಿರ ಆದಿವಾಸಿ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಮ್ಯೂಸಿಯಂ ಇದೆ. ಆದರೆ ಮಾವಶಿ ಬಂದು ಹೋದ ಮೇಲೆ ಕರೆತನ್ನಿ. ಮೊದಲೇ ತಂದರೆ ಮಕ್ಕಳು ಇವರೆಲ್ಲ ಹಿಂದಿನ ಕಾಲದವರು ಅಂದುಕೊಂಡುಬಿಡುತ್ತಾರೆ.

ಗೋರೆಗಾಂವ್ ಶಿಕ್ಷಕಿ, ಮತ್ತೆ

ಮೇಡಂ, ಹೇಳಲು ಬಿಟ್ಟುಹೋಯಿತು. ಕರೆಸಿದವರಿಗೆ ಗೌರವಧನ ಕೊಡಿ, ರಿಕ್ಷಾ ಬಾಡಿಗೆ ಬೇರೆ. ಅವರಿಗೆ ಅದು ಒಂದು ದಿನದ ಕೂಲಿ ಹೋದ ದಿನ. ಮಳೆಗಾಲದಲ್ಲಿ ಕರೆಯಬೇಡಿ, ಗದ್ದೆ ಕೆಲಸ ಇರುತ್ತದೆ.