ಗೋಪುರ ಬಿದ್ದದ್ದು ಯಾವಾಗ?

ಅತ್ತೆ (ಬಂದ ಸಂದೇಶ): ಹಳೆ ಗೋವಾದಲ್ಲಿ ಅನಾಹುತ! ಸಂತ ಅಗಸ್ಟೀನ್ ಚರ್ಚಿನ ಗೋಪುರಕ್ಕೆ ಸಿಡಿಲು ಬಡಿದು ಅರ್ಧ ನೆಲಸಮ. ಉಳಿದರ್ಧ ಈ ಮಳೆಗಾಲ ದಾಟುವುದಿಲ್ಲ. ಎಲ್ಲರಿಗೂ ತಿಳಿಸಿ.

ಅತ್ತೆ: ಹೋಗೋಣ, ಹೋಗೋಣ ಎನ್ನುತ್ತಲೇ ಇದ್ದಿರಿ. ಈಗ ನೋಡಿ.

ಚಿಕ್ಕಮ್ಮ: ಅಯ್ಯೋ ದೇವರೇ! ಯಾರಿಗೂ ಏನೂ ಆಗಲಿಲ್ಲ ತಾನೇ?

ಭಾವ: ಯಾವ ದಿನ ಬಿತ್ತು? ಯಾವ ಪತ್ರಿಕೆಯಲ್ಲಿ ಬಂದಿದೆ?

ಅತ್ತೆ: ಭಜನಾ ಮಂಡಳಿಯ ಗುಂಪಿನಲ್ಲಿ ಬಂತು. ಚಿತ್ರವೂ ಇದೆಯಲ್ಲ.

ಭಾವ: ಚಿತ್ರ ಎಂದಿನದು ಎಂಬುದೇ ಪ್ರಶ್ನೆ. ಉಪ್ಪು ಸಿಗುವುದಿಲ್ಲ ಎಂದು ನೀವು ಕಳುಹಿಸಿದ್ದನ್ನು ನಂಬಿ ನಮ್ಮ ಮನೆಗೆ ಹತ್ತು ಕಿಲೋ ಉಪ್ಪು ಬಂದಿತ್ತು ಅತ್ತೆ.

ಚಿಕ್ಕಮ್ಮ: ಉಪ್ಪಿನ ಮಾತು ಈಗ ಏಕೆ? ಹಿರಿಯರೊಡನೆ ಹೀಗೆ ಮಾತನಾಡಬಾರದು.

ದೊಡ್ಡಪ್ಪ: ಬಿದ್ದರೆ ಬೀಳಲಿ. 1560ರಲ್ಲಿ ಪೋರ್ಚುಗೀಸರು ಧರ್ಮವಿಚಾರಣೆಯ ನ್ಯಾಯಾಲಯ ತೆರೆದು ಜನರನ್ನು ಗೋಳಾಡಿಸಿದ ಊರು ಅದು. ಎಷ್ಟೋ ಕೊಂಕಣಿ ಮನೆತನಗಳು ಮನೆಮಠ ಬಿಟ್ಟು ನಮ್ಮ ಕಡೆಗೆ ಬಂದದ್ದು ಆ ಪರಂಗಿಯವರ ಕಾಟದಿಂದ. ಅವರ ಪಾಳುಗೋಡೆ ನೋಡಲು ಡೀಸೆಲ್ ಸುಡಬೇಕೆ? ಅದೇ ದುಡ್ಡಿನಲ್ಲಿ ಗೋಕರ್ಣಕ್ಕೆ ಹೋಗಿ ಬನ್ನಿ.

ಅಣ್ಣ: 1999ರಲ್ಲಿ ನೀವೇ ಕರೆದುಕೊಂಡು ಹೋಗಿದ್ದಿರಲ್ಲ ಅಪ್ಪ! ಕುಮಟಾದಿಂದ ನಸುಕಿನಲ್ಲಿ ಹೊರಟೆವು. ಕಾಳಿ ಸೇತುವೆಯ ಮೇಲೆ ವ್ಯಾನ್ ನಿಲ್ಲಿಸಿ ಎಲ್ಲರೂ ನದಿಗೆ ನಾಣ್ಯ ಎಸೆದೆವು. ಆ ಸೇತುವೆಯೂ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಕಿಟಕಿಯಲ್ಲಿ ಬರುತ್ತಿದ್ದ ಗಾಳಿ ಇನ್ನೂ ನೆನಪಿದೆ.

ಚಿಕ್ಕಮ್ಮ: ಆ ವ್ಯಾನಿನ ಬಾಡಿಗೆಯಲ್ಲಿ ನಮ್ಮ ಪಾಲು ಕೊಟ್ಟಿದ್ದೆವು ದೊಡ್ಡ ಭಾವ. ಕೊಟ್ಟಿಲ್ಲ ಎಂದು ನೀವು ಇಂದಿಗೂ ಹೇಳುತ್ತೀರಂತೆ.

ದೊಡ್ಡಪ್ಪ: ನಾನು ಯಾರ ಬಳಿಯೂ ಹಾಗೆ ಹೇಳಿಲ್ಲ.

ನಾನು: ಬಾಡಿಗೆಯ ಲೆಕ್ಕ ಆಮೇಲೆ ಮಾಡೋಣ. ಅತ್ತೆ, ನಿಮ್ಮ ಚಿತ್ರ ಸರಿ, ಸುದ್ದಿ ತಪ್ಪು. ಗೋಪುರ ಹಾಗೆ ಅರ್ಧವಾದದ್ದು 1931ರಲ್ಲಿ. 1835ರಲ್ಲಿ ಪಾದ್ರಿಗಳನ್ನು ಮಠದಿಂದ ಹೊರಡಿಸಿದರು, ನೋಡುವವರಿಲ್ಲದೆ 1842ರಲ್ಲಿ ಕಮಾನು ಚಾವಣಿ ಕುಸಿಯಿತು. ನಮ್ಮ ಕೊಟ್ಟಿಗೆಯದೇ ಚಿರೆಕಲ್ಲು, ಮೇಲೆ ಚಾವಣಿ ಇಲ್ಲದೆ ಮಳೆಗೆ ಎಷ್ಟು ಕಾಲ ತಡೆದೀತು? ಆದರೂ 46 ಮೀಟರ್ ಎತ್ತರಕ್ಕೆ ಇನ್ನೂ ನಿಂತಿದೆ, ಪುರಾತತ್ವ ಇಲಾಖೆ ಕಾಯುತ್ತಿದೆ. ಅದರ ದೊಡ್ಡ ಗಂಟೆ 1871ರಲ್ಲಿ ಪಣಜಿಯ ಚರ್ಚಿಗೆ ಹೋಯಿತು, ಮೆಟ್ಟಿಲುಗಳ ಮೇಲಿನ ಆ ಬಿಳಿ ಚರ್ಚಿಗೆ.

ಭಾವ: ಇದನ್ನು ಮೊದಲೇ ಹೇಳಬಾರದಿತ್ತೇ?

ನಾನು: ಹೇಳಲು ಬಿಟ್ಟಿರಾ ಭಾವ? ದೊಡ್ಡಪ್ಪ, ನೀವು ಹೇಳಿದ ಸಂಕಟ ಸುಳ್ಳಲ್ಲ. ಆದರೆ ಅದೇ ನೆಲವನ್ನು ಅಗೆದಾಗ ಜಾರ್ಜಿಯಾದ ರಾಣಿ ಕೆಟೆವಾನಳ ಅಸ್ಥಿ ಸಿಕ್ಕಿತು. ಪರ್ಷಿಯಾದ ಶಾ ಅಬ್ಬಾಸ್ ಮತ ಬದಲಿಸು ಎಂದಾಗ ಒಪ್ಪದೆ, ಚಿತ್ರಹಿಂಸೆ ಅನುಭವಿಸಿ 1624ರಲ್ಲಿ ಪ್ರಾಣ ಬಿಟ್ಟವಳು ಅವಳು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್ಎ ಪರೀಕ್ಷೆ ನಡೆಯಿತು, 2021ರಲ್ಲಿ ನಮ್ಮ ದೇಶ ಆ ಅಸ್ಥಿಯನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಮತಕ್ಕಾಗಿ ಜನರನ್ನು ಹಿಂಸಿಸಿದ ಊರಿನಲ್ಲೇ, ಮತ ಬಿಡದೆ ಸತ್ತವಳ ಅಸ್ಥಿ. ಬೀಳಲಿ ಎಂದು ನನ್ನಿಂದ ಹೇಳಲಾಗದು.

ದೊಡ್ಡಪ್ಪ: ರಾಣಿಯ ವಿಷಯ ನನಗೆ ಗೊತ್ತಿರಲಿಲ್ಲ.

ಅಣ್ಣ: ಅಂದು ಅಲ್ಲಿಯ ಗೋರಿಕಲ್ಲುಗಳ ಮೇಲೆ ನಾವು ಕುಂಟಾಬಿಲ್ಲೆ ಆಡಿದ್ದೆವು! ಅತ್ತೆ ಬೈದಿದ್ದರು, ಅಲ್ಲವೇ?

ಅತ್ತೆ: ನಾನು ಬೈಯಲಿಲ್ಲ. ನಾನು ಒಳಗೆ ಬಂದೇ ಇಲ್ಲ. ಮಗು ಮಲಗಿದೆ, ಚೀಲಗಳೂ ಇವೆ, ನೀನು ಇಲ್ಲೇ ಇರು ಎಂದು ನನ್ನ ಅಣ್ಣ, ನಿಮ್ಮ ದೊಡ್ಡಪ್ಪ, ಹೇಳಿದ. ಕೂಸೇ, ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು ವ್ಯಾನಿನಲ್ಲೇ ಕುಳಿತಿದ್ದೆ. ಮರದ ಸಂದಿಯಲ್ಲಿ ಗೋಪುರದ ತುದಿ ಮಾತ್ರ ಕಾಣುತ್ತಿತ್ತು. ಅರ್ಧ ಬಿತ್ತು ಎಂದು ಓದಿದಾಗ ಇನ್ನು ನೋಡುವುದೇ ಆಗಲಿಲ್ಲ ಅನ್ನಿಸಿತು.

ನಾನು: ಅತ್ತೆ, ಬಿದ್ದ ಅರ್ಧವನ್ನು ಅಂದು ಅವರು ಯಾರೂ ನೋಡಿಲ್ಲ. ಅವರು ನೋಡಿದ್ದೆಲ್ಲ ಅಲ್ಲಿಯೇ ಇದೆ.

ದೊಡ್ಡಪ್ಪ: ತಂಗಿ, ಅಂದು ನಿನ್ನನ್ನು ಕೇಳದೆ ಕೂರಿಸಿಬಿಟ್ಟೆ. ಈ ಸಲ ಚೀಲಗಳ ಬಳಿ ನಾನು ಇರುತ್ತೇನೆ.

ಅತ್ತೆ: ಚೀಲ ಕಾರಿನಲ್ಲೇ ಬಿದ್ದಿರಲಿ. ನೀನೂ ಬಾ. ಮಳೆ ನಿಂತ ಮೇಲಿನ ಮೊದಲ ಭಾನುವಾರ, ಬೆಳಿಗ್ಗೆ ಐದಕ್ಕೆ. ಅವಲಕ್ಕಿ ನಾನು ತರುತ್ತೇನೆ.